ಆರು ಮಂದಿಯ ಕಾಶಿಯಾತ್ರೆಗೆ ಅಗ್ಗದ ವಿಮಾನಗಳಲ್ಲಿ ಯಾವುದು ಒಳ್ಳೆಯದು?

ಅಜ್ಜ, ಅಜ್ಜಿ, ಗಂಡ, ಹೆಂಡತಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು ಸೇರಿ ಬೆಂಗಳೂರಿನಿಂದ ಕಾಶಿಗೆ ಹೊರಡುವ ಕುಟುಂಬಕ್ಕೆ ಇಂದು ಮುಖ್ಯವಾಗಿ ಮೂರು ಅಗ್ಗದ ವಿಮಾನ ಸಂಸ್ಥೆಗಳಿವೆ: ಇಂಡಿಗೊ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮತ್ತು ಆಕಾಶ ಏರ್. ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಹೊರಟರೆ ಎರಡು ರಾತ್ರಿ ರೈಲಿನಲ್ಲೇ ಕಳೆಯಬೇಕು. ನೇರ ವಿಮಾನ ಸುಮಾರು ಎರಡೂವರೆ ಗಂಟೆಯಲ್ಲಿ ಬಾಬತ್‌ಪುರದ ಲಾಲ್ ಬಹಾದೂರ್ ಶಾಸ್ತ್ರಿ ನಿಲ್ದಾಣದಲ್ಲಿ ಇಳಿಸುತ್ತದೆ. ಮೊಣಕಾಲು ನೋವಿರುವ ಹಿರಿಯರು ಜೊತೆಗಿದ್ದಾಗ ವಿಮಾನವೇ ಆಗಬೇಕೆಂಬ ತೀರ್ಮಾನ ಬೇಗ ಆಗಿಬಿಡುತ್ತದೆ, ಯಾವ ವಿಮಾನ ಎಂಬುದಕ್ಕೆ ಮಾತ್ರ ಹೆಚ್ಚು ಯೋಚನೆ ಬೇಕು. ಮನೆಯವರನ್ನು ಕರೆದುಕೊಂಡು ಈ ಮೂರು ಸಂಸ್ಥೆಗಳ ವಿಮಾನಗಳಲ್ಲೂ ಓಡಾಡಿದ ಅನುಭವದಿಂದ ನಾನು ಹೇಳುವುದಿಷ್ಟು: ಒಬ್ಬರಿಗೆ ಅಗ್ಗವಾಗಿ ಕಾಣುವ ಟಿಕೆಟ್ ಆರು ಜನರಿಗೂ ಅಗ್ಗವಾಗಿಯೇ ಇರುತ್ತದೆ ಎನ್ನುವಂತಿಲ್ಲ. ಕುಟುಂಬದವರು ನೋಡಬೇಕಾದದ್ದು ಪರದೆಯ ಮೇಲೆ ಮೊದಲು ಕಾಣುವ ದರವನ್ನಲ್ಲ. ಸಾಮಾನು, ಆಸನ, ಶುಲ್ಕಗಳೆಲ್ಲ ಸೇರಿದ ಒಟ್ಟು ಮೊತ್ತವನ್ನು, ಮತ್ತು ವಿಮಾನ ತಡವಾದ ಅಥವಾ ರದ್ದಾದ ದಿನ ಆ ಸಂಸ್ಥೆಯ ಕೈಯಲ್ಲಿರುವ ಬದಲಿ ವ್ಯವಸ್ಥೆಯನ್ನು.

ಸಾಮಾನ್ಯರೂ ವಿಮಾನ ಹತ್ತಬೇಕೆಂಬ ಹಂಬಲದಿಂದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದ್ದು ನಮ್ಮ ಬೆಂಗಳೂರಿನಿಂದಲೇ. ಆ ಸಂಸ್ಥೆ ಇಂದು ಇಲ್ಲದಿದ್ದರೂ ಅದು ಹಾಕಿಕೊಟ್ಟ ದಾರಿ ಉಳಿದಿದೆ. 2006ರಲ್ಲಿ ಹಾರಾಟ ಆರಂಭಿಸಿದ ಇಂಡಿಗೊ ಇಂದು ದೇಶದೊಳಗಿನ ವಿಮಾನ ಪ್ರಯಾಣಿಕರಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಮಂದಿಯನ್ನು ಒಯ್ಯುತ್ತದೆ. ಟಾಟಾ ಸಮೂಹದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನೊಳಗೆ ಬೆಂಗಳೂರು ಮೂಲದ ಹಳೆಯ ಏರ್‌ಏಷ್ಯಾ ಇಂಡಿಯಾ 2024ರ ಅಕ್ಟೋಬರ್‌ನಲ್ಲಿ ಪೂರ್ಣವಾಗಿ ವಿಲೀನವಾಯಿತು. 2022ರ ಆಗಸ್ಟ್‌ನಲ್ಲಿ ಬಂದ ಆಕಾಶ ಏರ್ ಮೂವರಲ್ಲಿ ಕಿರಿಯದು. ಸ್ಪೈಸ್‌ಜೆಟ್ ಇನ್ನೂ ಹಾರುತ್ತಿದೆಯಾದರೂ ಅದರ ವಿಮಾನಗಳ ಸಂಖ್ಯೆ ಬಹಳ ಕುಗ್ಗಿರುವುದರಿಂದ, ತಿಂಗಳುಗಟ್ಟಲೆ ಮುಂಚಿತವಾಗಿ ಹಣ ಕಟ್ಟುವ ಕುಟುಂಬಕ್ಕೆ ಅದನ್ನು ನಾನು ಸೂಚಿಸುವುದಿಲ್ಲ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಠಾತ್ತನೆ ಹಾರಾಟ ನಿಲ್ಲಿಸಿದಾಗ ಬೇಸಿಗೆ ರಜೆಗೆಂದು ಟಿಕೆಟ್ ಕೊಂಡಿದ್ದವರ ಪಾಡು ಏನಾಯಿತೆಂಬುದು ನೆನಪಿದ್ದವರು ಈ ಎಚ್ಚರಿಕೆಯನ್ನು ಅತಿಯೆನ್ನಲಾರರು.

ಮೊದಲು ಹಣದ ಲೆಕ್ಕ. ಆರು ಜನ ಹೋಗಿ ಬರುವುದೆಂದರೆ ಹನ್ನೆರಡು ಹಾರಾಟಗಳ ಲೆಕ್ಕ, ಏಕೆಂದರೆ ಎರಡು ವರ್ಷ ದಾಟಿದ ಮಗುವಿಗೂ ಪ್ರತ್ಯೇಕ ಆಸನ ಬೇಕು ಮತ್ತು ಅದರ ದರ ಹೆಚ್ಚುಕಡಿಮೆ ದೊಡ್ಡವರಷ್ಟೇ ಇರುತ್ತದೆ. ಹಣ ಪಾವತಿಸುವ ಕೊನೆಯ ಪುಟದಲ್ಲಿ ಸೇರಿಕೊಳ್ಳುವ ಕನ್ವೀನಿಯೆನ್ಸ್ ಫೀ ಎಂಬುದು ಇಡೀ ಬುಕಿಂಗ್‌ಗೆ ಒಂದು ಎಂದು ಅನೇಕರು ಭಾವಿಸುತ್ತಾರೆ. ಸಾಮಾನ್ಯವಾಗಿ ಅದನ್ನು ಪ್ರತಿ ಪ್ರಯಾಣಿಕರಿಗೂ ಪ್ರತಿ ಹಾರಾಟಕ್ಕೂ ಪ್ರತ್ಯೇಕವಾಗಿ ವಿಧಿಸಲಾಗುತ್ತದೆ. ತಲಾ 300 ರೂಪಾಯಿ ಎಂದಿಟ್ಟುಕೊಂಡರೂ ಹನ್ನೆರಡಕ್ಕೆ 3,600 ರೂಪಾಯಿ ಆಯಿತು. ಮೊದಲ ಪುಟದಲ್ಲಿ ತಲಾ 150 ರೂಪಾಯಿ ಕಡಿಮೆ ಎಂದು ಆರಿಸಿದ ಸಂಸ್ಥೆ ಕೊನೆಯ ಪುಟದಲ್ಲಿ ದುಬಾರಿಯಾಗುವುದು ಹೀಗೆ. ಆದ್ದರಿಂದ ಮೂರೂ ಸಂಸ್ಥೆಗಳ ಸ್ವಂತ ಜಾಲತಾಣಗಳಲ್ಲಿ ಆರೂ ಜನರ ಹೆಸರು ತುಂಬಿ, ಹಣ ಕಟ್ಟುವ ಪುಟದವರೆಗೂ ಹೋಗಿ, ಅಲ್ಲಿ ಕಾಣುವ ಒಟ್ಟು ಮೊತ್ತವನ್ನು ಬರೆದಿಟ್ಟುಕೊಂಡು ಹೋಲಿಸುವುದೇ ಸರಿಯಾದ ಕ್ರಮ. ಅರ್ಧ ಗಂಟೆಯ ಕೆಲಸ, ಆದರೆ ಉಳಿಯುವ ಹಣ ಸಣ್ಣದಲ್ಲ.

ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಲೈಟ್ ದರವನ್ನು ಈ ಹೋಲಿಕೆಯಲ್ಲಿ ವಿಶೇಷ ಎಚ್ಚರದಿಂದ ನೋಡಬೇಕು. ಪಟ್ಟಿಯಲ್ಲಿ ಅದು ಅತಿ ಕಡಿಮೆಯಾಗಿ ಕಾಣುವುದಕ್ಕೆ ಕಾರಣವೆಂದರೆ ಅದರಲ್ಲಿ ಕೈಚೀಲಕ್ಕೆ ಮಾತ್ರ ಅವಕಾಶವಿದ್ದು, ಕೌಂಟರ್‌ನಲ್ಲಿ ಕೊಡುವ ಸಾಮಾನಿನ ಪಾಲು ಸೇರಿರುವುದಿಲ್ಲ. 15 ಕೆ.ಜಿ. ಸಾಮಾನು ಸೇರಿದ ವ್ಯಾಲ್ಯೂ ದರವನ್ನೇ ಉಳಿದ ಸಂಸ್ಥೆಗಳ ಸಾಮಾನ್ಯ ದರದ ಜೊತೆ ಹೋಲಿಸಬೇಕು. ಹಾಗೆಂದು ಲೈಟ್ ದರ ಕುಟುಂಬಕ್ಕೆ ಪ್ರಯೋಜನವಿಲ್ಲವೆಂದಲ್ಲ. ದಸರಾ ರಜೆಯಲ್ಲಿ ಸೆಕೆಯಿನ್ನೂ ಆರಿರದ ಕಾಶಿಗೆ ನಾಲ್ಕು ದಿನ ಹೋಗುವ ಆರು ಜನರಿಗೆ ಆರು ಸೂಟ್‌ಕೇಸ್ ಬೇಕಾಗುವುದಿಲ್ಲ. ಎಲ್ಲರೂ ಲೈಟ್‌ನಲ್ಲಿ ಹೋಗಿ, ಬೇಕಾದಷ್ಟು ತೂಕವನ್ನು ಮಾತ್ರ ಮುಂಗಡವಾಗಿ ಕೊಂಡರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಡಿಸೆಂಬರ್‌ನಲ್ಲಿ ಸ್ವೆಟರ್, ಶಾಲು, ಕಂಬಳಿಗಳೊಂದಿಗೆ ಹೊರಟಾಗ ಈ ಲೆಕ್ಕ ಕೂಡಿಬರುವುದಿಲ್ಲ.

ಸಾಮಾನಿನ ವಿಷಯದಲ್ಲಿ ತೂಕದಷ್ಟೇ ಎಣಿಕೆಯೂ ಮುಖ್ಯ. ದೇಶದೊಳಗಿನ ಹಾರಾಟಗಳಲ್ಲಿ ಇಂಡಿಗೊ ತಲಾ 15 ಕೆ.ಜಿ. ಕೊಡುತ್ತದೆ, ಆದರೆ ಒಬ್ಬರಿಗೆ ಒಂದೇ ನಗ, ಅಂದರೆ ಒಂದೇ ಪೆಟ್ಟಿಗೆ ಅಥವಾ ಚೀಲ. ನಮ್ಮ ಕಡೆಯ ಕುಟುಂಬಗಳು ಎರಡು ಸೂಟ್‌ಕೇಸಿನ ಜೊತೆಗೆ ತಿಂಡಿಯ ಡಬ್ಬಗಳಿರುವ ರಟ್ಟಿನ ಪೆಟ್ಟಿಗೆ, ಪೂಜಾ ಸಾಮಗ್ರಿಯ ಚೀಲ, ಹೊದಿಕೆಗಳ ಗಂಟು ಹೀಗೆ ಚಿಕ್ಕ ಚಿಕ್ಕದಾಗಿ ಕಟ್ಟಿಕೊಂಡು ಹೊರಡುವುದು ರೂಢಿ. ಒಟ್ಟು ತೂಕ ಮಿತಿಯೊಳಗಿದ್ದರೂ ನಗಗಳ ಸಂಖ್ಯೆ ಹೆಚ್ಚಾದರೆ ಶುಲ್ಕ ಬೀಳಬಹುದು. ಆರೂ ಜನ ಒಂದೇ ಪಿಎನ್‌ಆರ್‌ನಲ್ಲಿದ್ದರೆ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿದ್ದರೆ, ಎಲ್ಲರ ತೂಕವನ್ನೂ ಒಟ್ಟಾಗಿ ಪರಿಗಣಿಸುವ ಅನುಕೂಲವಿದೆ. ಹಿರಿಯ ನಾಗರಿಕರ ರಿಯಾಯಿತಿಗಾಗಿ ಅಜ್ಜ-ಅಜ್ಜಿಯರ ಟಿಕೆಟನ್ನು ಬೇರೆಯಾಗಿ ಮಾಡಿಸಿದರೆ ಈ ಅನುಕೂಲ ತಪ್ಪುತ್ತದೆ. ಹಾರಾಟ ಬದಲಾದಾಗ ಎರಡು ಪಿಎನ್‌ಆರ್‌ಗಳು ಎರಡು ಬೇರೆ ವಿಮಾನಗಳಿಗೆ ಹೋಗುವ ಅಪಾಯವೂ ಇದೆ. ಕೆಲವು ನೂರು ರೂಪಾಯಿಗಳಿಗಾಗಿ ಹಿರಿಯರನ್ನು ಬೇರೆ ಮಾಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಿತಿ ಮೀರಿದ ತೂಕಕ್ಕೆ ಕೌಂಟರ್‌ನಲ್ಲಿ ಕೆ.ಜಿ.ಗೆ 500 ರೂಪಾಯಿಗೂ ಹೆಚ್ಚು ಕೊಡಬೇಕಾಗುತ್ತದೆ. ತೂಕದ ಯಂತ್ರದಲ್ಲಿ 17.4 ಎಂದು ಮೂಡಿದಾಗ ಸಾಲಿನ ಪಕ್ಕದಲ್ಲೇ ಸೂಟ್‌ಕೇಸ್ ಬಿಚ್ಚಿ, ಕೋಡುಬಳೆಯ ಡಬ್ಬವನ್ನು ತೆಗೆದು ಮಗುವಿನ ಬೆನ್ನಚೀಲಕ್ಕೆ ತುರುಕಿ, ಸೀರೆಗಳ ಕಟ್ಟನ್ನು ಅಜ್ಜಿಯ ಕೈಗೆ ಕೊಟ್ಟು, ಮತ್ತೆ ಜಿಪ್ ಎಳೆಯುವ ದೃಶ್ಯವನ್ನು ದೇವನಹಳ್ಳಿಯಲ್ಲಿ ಪ್ರತಿ ರಜೆಯಲ್ಲೂ ಕಾಣಬಹುದು. ಕೊಕ್ಕೆಯಿಂದ ತೂಗುವ ಸಣ್ಣ ತಕ್ಕಡಿಯೊಂದು ಮನೆಯಲ್ಲಿದ್ದರೆ ಈ ಪರದಾಟ ತಪ್ಪುತ್ತದೆ. ಪೂಜೆಗೆಂದು ಒಣಕೊಬ್ಬರಿಯ ಗಿಟುಕುಗಳನ್ನು ಇಟ್ಟುಕೊಳ್ಳಬಾರದು, ಬೇಗ ಬೆಂಕಿ ಹಿಡಿಯುವ ವಸ್ತುವೆಂದು ಅದಕ್ಕೆ ವಿಮಾನದಲ್ಲಿ ನಿಷೇಧವಿದೆ. ಹಿಂದಿರುಗುವಾಗ ಗಂಗಾಜಲವನ್ನು, ಅದು ಮುಚ್ಚಳ ಬೆಸೆದ ತಾಮ್ರದ ಗಿಂಡಿಯಾಗಿದ್ದರೂ, ಬಟ್ಟೆಯಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿನಲ್ಲೇ ಇಡುವುದು ಕ್ಷೇಮ. ಗಿಂಡಿ, ಬನಾರಸ್ ಸೀರೆ, ಪ್ರಸಾದಗಳಿಂದಾಗಿ ಬರುವ ದಾರಿಯ ತೂಕ ಹೋಗುವಾಗಿನದಕ್ಕಿಂತ ಹೆಚ್ಚೇ ಇರುತ್ತದೆಯಾದ್ದರಿಂದ, ಹೋಗುವಾಗ ಲೈಟ್ ದರ ಆರಿಸಿದವರೂ ಬರುವಾಗ ಸಾಮಾನು ಸೇರಿದ ದರವನ್ನೇ ಆರಿಸುವುದು ಲೇಸು.

ಮಕ್ಕಳ ಆಸನಕ್ಕಾಗಿ ಅನೇಕ ತಂದೆತಾಯಿಯರು ಅನಗತ್ಯವಾಗಿ ಹಣ ಕೊಡುತ್ತಾರೆ. 12 ವರ್ಷದೊಳಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿರುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಆಸನ ಕೊಡಲೇಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರ ಏಪ್ರಿಲ್‌ನಲ್ಲಿ ಎಲ್ಲ ಸಂಸ್ಥೆಗಳಿಗೂ ಸೂಚಿಸಿದೆ. ಆರೂ ಜನ ಒಂದೇ ಸಾಲಿನಲ್ಲಿ ಕೂರಬೇಕೆಂದಿದ್ದರೆ ಹಣ ಕೊಡಬೇಕು. ಮಗು ಅಪರಿಚಿತರ ನಡುವೆ ಒಂಟಿಯಾಗಿ ಕೂರಬಾರದೆಂಬುದಷ್ಟೇ ಚಿಂತೆಯಾದರೆ ಬೇಕಿಲ್ಲ. ಆ ಹಣವನ್ನು ಹಿರಿಯರಿಗೆ ಮುಂಭಾಗದ, ನಡುದಾರಿಯ ಪಕ್ಕದ ಆಸನ ಕೊಳ್ಳಲು ಬಳಸಿದರೆ ಹತ್ತುವಾಗ, ಇಳಿಯುವಾಗ, ಶೌಚಾಲಯಕ್ಕೆ ಹೋಗುವಾಗ ಅವರಿಗೆ ನಿಜವಾದ ನೆರವಾಗುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯ: ವಿಮಾನ ಹೊರಡದ ದಿನ ಏನಾಗುತ್ತದೆ? ಕ್ರಿಸ್‌ಮಸ್ ರಜೆಯಲ್ಲಿ ಕಾಶಿಗೆ ಹೋಗುವವರು ಇದನ್ನು ಕೇಳಿಕೊಳ್ಳಲೇಬೇಕು. ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಗಂಗಾ ಬಯಲಿನ ಮೇಲೆ ದಟ್ಟ ಮಂಜು ಕವಿಯುತ್ತದೆ. ಮಂಜಿನಲ್ಲಿ ಇಳಿಯಬೇಕಾದರೆ ರನ್‌ವೇಯಲ್ಲಿ ತಕ್ಕ ಉಪಕರಣಗಳಿರಬೇಕು, ವಿಮಾನದಲ್ಲಿ ತಕ್ಕ ಸಜ್ಜು ಇರಬೇಕು, ಪೈಲಟ್‌ಗಳಿಗೂ ತಕ್ಕ ತರಬೇತಿ ಆಗಿರಬೇಕು. ಒಂದು ಇಲ್ಲದಿದ್ದರೂ ವಿಮಾನ ಕಾಯುತ್ತದೆ, ಇಲ್ಲವೇ ಬೇರೆ ಊರಿಗೆ ತಿರುಗುತ್ತದೆ. ಅಗ್ಗದ ಸಂಸ್ಥೆಗಳು ಒಂದೇ ವಿಮಾನವನ್ನು ದಿನವಿಡೀ ಊರಿಂದೂರಿಗೆ ಓಡಿಸುವುದರಿಂದ ಬೆಳಗ್ಗೆ ಉತ್ತರದ ಯಾವುದೋ ನಿಲ್ದಾಣದಲ್ಲಿ ಆದ ತಡ ಸಂಜೆಯ ನಿಮ್ಮ ಹಾರಾಟದವರೆಗೂ ಬೆಳೆಯುತ್ತ ಬರುತ್ತದೆ. ಹೀಗಾಗಿ ಚಳಿಗಾಲದಲ್ಲಿ ಮಧ್ಯಾಹ್ನದ ಹೊತ್ತಿಗೆ, ಅಂದರೆ ಮಂಜು ಕರಗಿದ ಮೇಲೆ ಬಾಬತ್‌ಪುರ ಮುಟ್ಟುವ ಹಾರಾಟವೇ ಉತ್ತಮ. ಬೆಳಗಿನ ಜಾವದ್ದು ಅಥವಾ ರಾತ್ರಿಯದು ತಲಾ ಸಾವಿರ ರೂಪಾಯಿ ಅಗ್ಗವಾಗಿದ್ದರೂ ಆ ತಿಂಗಳಲ್ಲಿ ನಾನು ಅದನ್ನು ಆರಿಸುವುದಿಲ್ಲ.

ಹಾರಾಟ ರದ್ದಾದಾಗ ಬದಲಿ ಹುಡುಕಿಕೊಡುವ ಶಕ್ತಿ ಹೆಚ್ಚು ವಿಮಾನಗಳಿರುವ ಸಂಸ್ಥೆಗೆ ಹೆಚ್ಚು. ದೆಹಲಿ, ಹೈದರಾಬಾದ್, ಕೋಲ್ಕತ್ತದ ಮೂಲಕ ಸುತ್ತಿಸಿಯಾದರೂ ಅದೇ ದಿನ ಅಥವಾ ಮರುದಿನ ಊರು ಸೇರಿಸಲು ಇಂಡಿಗೊಗೆ ಇರುವಷ್ಟು ದಾರಿಗಳು ಆಕಾಶಕ್ಕೆ ಇಲ್ಲ. ಆರು ಆಸನಗಳು ಒಟ್ಟಿಗೆ ಸಿಗಬೇಕಾದಾಗ ಈ ವ್ಯತ್ಯಾಸ ಇನ್ನೂ ದೊಡ್ಡದಾಗಿ ಕಾಣುತ್ತದೆ. ಆದರೆ ಸಂಸ್ಥೆಯೇ ಎಡವಿದರೆ ಅದರ ಗಾತ್ರವೇ ತೊಂದರೆಯಾಗುತ್ತದೆ ಎಂಬುದನ್ನು 2025ರ ಡಿಸೆಂಬರ್ ಆರಂಭದಲ್ಲಿ ಇಡೀ ದೇಶ ಕಂಡಿತು. ಪೈಲಟ್‌ಗಳ ಕೆಲಸ ಮತ್ತು ವಿಶ್ರಾಂತಿಯ ಹೊಸ ನಿಯಮಗಳಿಗೆ ತಕ್ಕ ಸಿದ್ಧತೆಯಿಲ್ಲದೆ ಇಂಡಿಗೊದ ಸಾವಿರಾರು ಹಾರಾಟಗಳು ಕೆಲವೇ ದಿನಗಳಲ್ಲಿ ರದ್ದಾದವು, ಉಳಿದ ಸಂಸ್ಥೆಗಳ ದರಗಳು ಏರಿ, ಸರ್ಕಾರ ತಾತ್ಕಾಲಿಕವಾಗಿ ದರಕ್ಕೆ ಮಿತಿ ಹಾಕಬೇಕಾಯಿತು. ಇದರಿಂದ ನಾನು ಕಲಿತದ್ದೆಂದರೆ ಹೋಗುವುದಕ್ಕೆ ಒಂದು ಸಂಸ್ಥೆ, ಬರುವುದಕ್ಕೆ ಇನ್ನೊಂದು ಸಂಸ್ಥೆ ಎಂದು ಹಂಚಿಕೊಳ್ಳುವುದು. ನಮ್ಮಲ್ಲಿ ಅಗ್ಗದ ವಿಮಾನಗಳ ಹೋಗಿ ಬರುವ ದರ ಬಹುತೇಕ ಎರಡು ಒಂಟಿ ದರಗಳ ಮೊತ್ತವೇ ಆಗಿರುವುದರಿಂದ ಇದರಲ್ಲಿ ನಷ್ಟವಿಲ್ಲ.

ಪ್ರಯಾಣಿಕರ ಹಕ್ಕುಗಳನ್ನೂ ತಿಳಿದಿರಬೇಕು. ಹಾರಾಟ ರದ್ದಾದರೆ ಬದಲಿ ಹಾರಾಟವೋ ಪೂರ್ಣ ಹಣವೋ ಎಂಬ ಆಯ್ಕೆ ನಿಮ್ಮದು. 24 ಗಂಟೆಗೆ ಮುಂಚೆ ತಿಳಿಸದೆ ರದ್ದು ಮಾಡಿದರೆ, ಕಾಶಿಯಂಥ ಎರಡು ಗಂಟೆಗೂ ಮೀರಿದ ಹಾರಾಟಕ್ಕೆ 10,000 ರೂಪಾಯಿ ಅಥವಾ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಇವುಗಳಲ್ಲಿ ಕಡಿಮೆಯಾದದ್ದು ಪರಿಹಾರವಾಗಿ ಸಿಗಬೇಕು. ಮಂಜಿನಂಥ ಹವಾಮಾನದ ಕಾರಣಕ್ಕೆ ಈ ಪರಿಹಾರ ಅನ್ವಯಿಸುವುದಿಲ್ಲ. ಆರು ಗಂಟೆಗೂ ಹೆಚ್ಚು ತಡವೆಂದಾದರೆ ಹಣ ವಾಪಸ್ ಕೇಳಬಹುದು. ನೀವೇ ಟಿಕೆಟ್ ರದ್ದು ಮಾಡಿದಾಗಲೂ, ಅದು ಹಣ ಹಿಂತಿರುಗದ ದರದ ಟಿಕೆಟ್ಟಾಗಿದ್ದರೂ, ತೆರಿಗೆ ಮತ್ತು ನಿಲ್ದಾಣದ ಬಳಕೆದಾರ ಶುಲ್ಕ ಮರಳಿ ಬರಬೇಕು. ಆರು ಜನರ ಲೆಕ್ಕದಲ್ಲಿ ಇದು ಕೇಳಿ ಪಡೆಯಬೇಕಾದಷ್ಟು ದೊಡ್ಡ ಮೊತ್ತ.

ಹಿರಿಯರ ದೃಷ್ಟಿಯಿಂದ ನಿಲ್ದಾಣದ ವ್ಯತ್ಯಾಸವೂ ಇದೆ. ಬೆಂಗಳೂರಿನಲ್ಲಿ ಇಂಡಿಗೊ ಮತ್ತು ಆಕಾಶದ ದೇಶೀಯ ಹಾರಾಟಗಳು ಮೊದಲನೆಯ ಟರ್ಮಿನಲ್‌ನಿಂದ, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನದು ಎರಡನೆಯ ಟರ್ಮಿನಲ್‌ನಿಂದ ಹೊರಡುತ್ತವೆ. ಬಿದಿರು ಮತ್ತು ಹಸಿರಿನಿಂದ ಸಿಂಗರಿಸಿದ ಎರಡನೆಯ ಟರ್ಮಿನಲ್ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ, ಆದರೆ ನಡಿಗೆ ಸಾಕಷ್ಟಿದೆ. ನಡೆಯಲು ಕಷ್ಟಪಡುವವರಿಗೆ ವ್ಹೀಲ್‌ಚೇರ್ ಬೇಕೆಂದು ಟಿಕೆಟ್ ಮಾಡಿಸುವಾಗಲೇ ನಮೂದಿಸಬೇಕು. ಮುಖವನ್ನೇ ಗುರುತಾಗಿಸಿಕೊಂಡು ಒಳಬಿಡುವ ಡಿಜಿಯಾತ್ರಾ ಸೌಲಭ್ಯ 2022ರ ಡಿಸೆಂಬರ್‌ನಲ್ಲಿ ಮೊದಲು ಆರಂಭವಾದ ಮೂರು ನಿಲ್ದಾಣಗಳಲ್ಲಿ ಬೆಂಗಳೂರು ಮತ್ತು ವಾರಾಣಸಿ ಎರಡೂ ಸೇರಿವೆ. ಅದು ಒಂಟಿ ಪ್ರಯಾಣಿಕರಿಗೆ ಅನುಕೂಲ, ಕುಟುಂಬಕ್ಕೆ ಎಲ್ಲರೂ ಒಟ್ಟಿಗೆ ಸಾಮಾನ್ಯ ಸಾಲಿನಲ್ಲಿ ಹೋಗುವುದೇ ನೆಮ್ಮದಿ.

ವಿಮಾನದೊಳಗೆ ಬಿಸಿ ಊಟ ಬೇಕೆಂದರೆ ಮುಂಚಿತವಾಗಿ ಹೇಳಿಟ್ಟು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಪಡೆಯುವುದು ಮೇಲು. ಆಕಾಶದ ಆಸನಗಳಲ್ಲಿರುವ ಯುಎಸ್‌ಬಿ ಚಾರ್ಜರ್ ಮಕ್ಕಳಿರುವವರಿಗೆ ಉಪಕಾರಿ. ಮನೆಯ ಪುಳಿಯೋಗರೆ, ಚಪಾತಿ, ಚಟ್ನಿಪುಡಿಗೆ ಎಲ್ಲೂ ಅಡ್ಡಿಯಿಲ್ಲ. ಎಣ್ಣೆಯ ಉಪ್ಪಿನಕಾಯಿಯನ್ನು ಮಾತ್ರ ಕೈಚೀಲದಲ್ಲಿ ಇಡಬಾರದು.

ಇಷ್ಟನ್ನೂ ಗಮನಿಸಿ ನಾನು ಕೊಡುವ ಸಲಹೆ ಹೀಗಿದೆ. ದಸರಾ ರಜೆಯಾದರೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮತ್ತು ಆಕಾಶ, ಇವೆರಡರಲ್ಲಿ ಹಗಲಿನ ನೇರ ಹಾರಾಟ ಯಾವುದರದ್ದು ಅಗ್ಗವೋ ಅದರಲ್ಲಿ ಹೋಗಿ, ಬರುವಾಗ ಇಂಡಿಗೊದಲ್ಲಿ ಬನ್ನಿ. ಮರುದಿನ ಶಾಲೆ, ಕಚೇರಿ ಇರುವ ಹಿಂತಿರುಗುವ ದಾರಿಯಲ್ಲೇ ಬದಲಿ ಹಾರಾಟಗಳ ಬಲ ಹೆಚ್ಚು ಬೇಕಾಗುತ್ತದೆ. ಡಿಸೆಂಬರ್‌ನಲ್ಲಿಯಾದರೆ ದರಕ್ಕಿಂತ ಮೊದಲು ಹೊತ್ತನ್ನು ನೋಡಿ, ಮಧ್ಯಾಹ್ನದ ನೇರ ಹಾರಾಟ ಯಾರದ್ದಿದೆಯೋ ಅವರನ್ನೇ ಆರಿಸಿ, ಶಾಲೆ ತೆರೆಯುವುದಕ್ಕೆ ಒಂದು ದಿನ ಮುಂಚೆಯೇ ಮರಳುವಂತೆ ಟಿಕೆಟ್ ಮಾಡಿಸಿ. ಚಳಿಗಾಲದ ವೇಳಾಪಟ್ಟಿ ಅಕ್ಟೋಬರ್‌ನ ಕೊನೆಯ ಭಾನುವಾರದಿಂದ ಜಾರಿಗೆ ಬರುತ್ತದೆ. ಬಹಳ ಮುಂಚೆ ಟಿಕೆಟ್ ಕೊಂಡಿದ್ದವರು ಆ ವಾರ ತಮ್ಮ ಹಾರಾಟದ ಹೊತ್ತು ಬದಲಾಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು. ಬದಲಾಗಿದ್ದು, ಹೊಸ ಹೊತ್ತು ಹಿರಿಯರಿಗೆ ಒಗ್ಗದಿದ್ದರೆ, ಶುಲ್ಕವಿಲ್ಲದೆ ಬೇರೆ ಹಾರಾಟಕ್ಕೆ ಹಾಕಿಕೊಡುವಂತೆ ಆಗಲೇ ಕೇಳಬೇಕು.