ಪ್ಯಾರಾಮೋಟರ್: ಎಂಜಿನ್ ಜೋರು, ಫ್ರೇಮ್ ಭಾರ

ಪ್ಯಾರಾಮೋಟರ್ ಅಂದರೆ ಫ್ಯಾನ್ ಇರುವ ಎಂಜಿನ್ನನ್ನು ಫ್ರೇಮ್ ಸಮೇತ ಬೆನ್ನಿಗೆ ಕಟ್ಟಿಕೊಂಡು, ಪ್ಯಾರಾಚೂಟಿನಂಥ ಬಟ್ಟೆಯ ರೆಕ್ಕೆಗೆ ಜೋತು ಹಾರುವ ಯಂತ್ರ. ನನ್ನದರಲ್ಲಿ ಎಂಜಿನ್‌ಗೆ ಪೂರ್ತಿ ಮಾರ್ಕು, ಫ್ರೇಮಿಗೆ ಪಾಸ್ ಮಾರ್ಕು ಅಷ್ಟೇ. ಫ್ರೇಮ್ ಮಾಡಿದವರ ಹೆಸರು ಬೇಡ, ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್.

ಎಂಜಿನ್ ಇಟಲಿಯ ವಿಟ್ಟೊರಾಜಿ ಮೋಸ್ಟರ್ 185. ಟೂ ಸ್ಟ್ರೋಕ್, 25 ಎಚ್‌ಪಿ, ಹಗ್ಗ ಎಳೆದರೆ ಶುರು. ಪೆಟ್ರೋಲಿಗೆ ಆಯಿಲ್ ಸರಿಯಾಗಿ ಬೆರೆಸಿ, ತಕರಾರಿಲ್ಲ.

ಆದರೆ ಈ ವಿಮಾನಕ್ಕೆ ಚಕ್ರ ಇಲ್ಲ, ನಮ್ಮ ಕಾಲೇ ಎಲ್ಲ. ಡಿಸೈನ್ ಹೇಗಿದೆ ಅಂತ ಓಡುವಾಗಲೇ ಗೊತ್ತಾಗಿಬಿಡುತ್ತದೆ. ನಾವು ಹಾರುವುದು ವಿಜಯಪುರದ ಆಚೆ, ಜೋಳ ಕೊಯ್ದ ಎರೆ ಹೊಲದಲ್ಲಿ. ಕೂಳೆ ಕಾಲಿಗೆ ಚುಚ್ಚುತ್ತದೆ, ಬೇಸಿಗೆಯಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಬಿರುಕು ಬೇರೆ. ಅಲ್ಲಿ ಪೆಟ್ರೋಲ್ ಸೇರಿ ಸುಮಾರು 30 ಕೆಜಿ ಬೆನ್ನಿಗೆ ಕಟ್ಟಿಕೊಂಡು ಓಡಬೇಕು. ಈ ಫ್ರೇಮಿನಲ್ಲಿ ಎಂಜಿನ್ ಬೆನ್ನಿಂದ ಜಾಸ್ತಿನೇ ದೂರ ಕೂತಿದೆ, ಅದು ಹಿಂದಕ್ಕೆ ಜಗ್ಗುತ್ತದೆ, ಜಗ್ಗಿದ್ದಕ್ಕೆ ನಾವು ಮುಂದಕ್ಕೆ ಬಾಗುತ್ತೇವೆ, ಬಾಗಿ ಆಕ್ಸಿಲರೇಟರ್ ಒತ್ತಿದರೆ ಫ್ಯಾನ್ ನಮ್ಮನ್ನು ನೆಲದ ಕಡೆಗೇ ತಳ್ಳುತ್ತದೆ. ಎದೆ ಸೆಟೆಸಿ ಓಡಿ ಅಂತ ಕಲಿಸುವವರು ಬೈಯುವುದು ಸುಮ್ನೆ ಅಲ್ಲ. ಬಿಸಿಲೇರಿದರೆ ಗಾಳಿ ತೆಳುವಾಗಿ ಇನ್ನೂ ದೂರ ಓಡಬೇಕು, ಅದಕ್ಕೇ ನಸುಕಿನಲ್ಲೇ ಹೊಲದಲ್ಲಿರುತ್ತೇವೆ.

ಸೀಟಂತೂ ಕಾಟ. ನೆಲ ಬಿಟ್ಟ ಮೇಲೆ ತಾನಾಗಿ ನಮ್ಮ ಕೆಳಗೆ ಬರಬೇಕು, ಇದು ತೊಡೆಯ ಹಿಂದೆಯೇ ನಿಂತುಬಿಡುತ್ತದೆ. ಕೈಯಿಂದ ಎಳೆದುಕೊಳ್ಳೋಣ ಅಂದರೆ ಬ್ರೇಕ್, ಅಂದರೆ ರೆಕ್ಕೆಯನ್ನು ಹತೋಟಿಯಲ್ಲಿಡುವ ಕೈಹಿಡಿ, ಬಿಡಬೇಕು, ನೆಲಕ್ಕೆ ಹತ್ತಿರ ಇರುವಾಗ ಅದು ಅಪಾಯ. ಎತ್ತರ ಸಿಗುವ ತನಕ ಜೋತಾಡುವುದೇ ಗತಿ.

ಫ್ಯಾನ್ ಒಂದು ಕಡೆ ತಿರುಗಿದರೆ ನಮ್ಮ ಮೈ ಇನ್ನೊಂದು ಕಡೆ ತಿರುಚುತ್ತದೆ, ಅಲ್ವಾ? ಅದನ್ನು ಸರಿದೂಗಿಸಲು ರೆಕ್ಕೆ ಸಿಕ್ಕಿಸುವ ಕೊಕ್ಕೆಗಳನ್ನು ಸ್ವಲ್ಪ ಆಚೀಚೆ ಕೂರಿಸಿದ್ದಾರೆ. ಇದು ಮಾತ್ರ ಜಾಣ ಕೆಲಸ, ಫುಲ್ ಕೊಟ್ಟರೂ ನೇರ ಹೋಗುತ್ತದೆ.

ಫ್ಯಾನ್ ಸುತ್ತಲಿನ ಕೇಜ್ ನಾಲ್ಕು ತುಂಡಾಗಿ ಬಿಚ್ಚಿ ಕಾರಿನ ಡಿಕ್ಕಿಗೆ ಹೋಗುತ್ತದೆ. ಆದರೆ ಹೊರಗಿನ ರಿಂಗ್ ಸಪೂರ. ರೆಕ್ಕೆಯ ದಾರಗಳು ಒತ್ತಿದಾಗ ಫ್ಯಾನ್ ಕಡೆಗೆ ಬಾಗುವುದನ್ನು ನೋಡಿದರೆ ಎದೆ ಝಲ್ ಎನ್ನುತ್ತದೆ. ಟ್ಯಾಂಕು ಬೆನ್ನ ಹಿಂದೆ, ಎಷ್ಟು ಉಳಿದಿದೆ ಅಂತ ಕಾಣುವುದಿಲ್ಲ, ಕೈಗೆ ಪುಟ್ಟ ಕನ್ನಡಿ ಕಟ್ಟಿಕೊಳ್ಳಿ.

ಬೆಳಗಾವಿಯವರೇ, ಸಾಂಬ್ರಾ ಸುತ್ತ ಅನುಮತಿ ಇಲ್ಲದೆ ಯೋಚನೆಯನ್ನೂ ಮಾಡಬೇಡಿ. ವಿಮಾನ ನಿಲ್ದಾಣವೂ ಇದೆ, ವಾಯುಪಡೆಯೂ ಇದೆ.

ಇಂಥ ಫ್ರೇಮ್ ಮಾರಾಟಕ್ಕೆ ಬಂದರೆ ಮೊದಲು ಹೊತ್ತು ಹೊಲದಲ್ಲಿ ಒಂದು ಸುತ್ತು ಓಡಿ. ರಿಂಗ್ ಗಟ್ಟಿಯದು ಹಾಕಿಸಿಕೊಡ್ತೀನಿ ಅಂದರೆ ತಗೊಳ್ಳಿ, ಇಲ್ಲಾಂದ್ರೆ ಎಂಜಿನ್ ರೇಟಷ್ಟೇ ಕೊಡಿ.