ವೀಸಾಗೆ 'ಫಂಡ್ ತೋರಿಸಿ ಕೊಡ್ತೀವಿ' ಅನ್ನೋರ ಹತ್ತಿರ ಹೋಗಬೇಡಿ, ನಾವು ಹೋಗಿ 78,000 ಕಳೆದುಕೊಂಡೆವು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನನ್ನ ತಪ್ಪೂ ಇದೆ. ಬೈಯೋರು ಬೈಯಿರಿ. ಆದರೆ ಪೂರ್ತಿ ಓದಿ ಬೈಯಿರಿ, ಯಾಕೆಂದರೆ ಈಗಲೂ ಆ ಆಫೀಸಿನ ಸೋಫಾ ಮೇಲೆ ಯಾರದೋ ಅಪ್ಪ ಕೂತು ಖಾಲಿ ಚೆಕ್‌ಗೆ ಸೈನ್ ಹಾಕುತ್ತಿರುತ್ತಾರೆ.

ತಂಗಿಗೆ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ ಸೀಟು ಸಿಕ್ಕಿತ್ತು. 2025ರ ಸೆಪ್ಟೆಂಬರ್ ಬ್ಯಾಚ್. ಲಂಡನ್ ಅಲ್ಲ, ಹೊರಗಿನ ಊರು. ಫೀಸು 15,000 ಪೌಂಡ್, ಅದರಲ್ಲಿ 4,000 ಮೊದಲೇ ಕಟ್ಟಿಯಾಗಿತ್ತು. ಉಳಿದ 11,000 ಮತ್ತು 9 ತಿಂಗಳ ಖರ್ಚಿನ ದುಡ್ಡು ಖಾತೆಯಲ್ಲಿದೆ ಅಂತ ವೀಸಾಗೆ ತೋರಿಸಬೇಕು. ಆಗ ತಿಂಗಳಿಗೆ 1,136 ಪೌಂಡ್ ಲೆಕ್ಕ. ಎಲ್ಲ ಸೇರಿ 21,224 ಪೌಂಡ್, ಅಂದರೆ ಹತ್ತಿರ ಹತ್ತಿರ 25 ಲಕ್ಷ ರೂಪಾಯಿ. ಅದೂ ಒಂದು ದಿನ ಇದ್ದರೆ ಸಾಲದು. ಬಿಡದೆ 28 ದಿನ ಇರಬೇಕು. ಒಂದೇ ಒಂದು ದಿನ ಕಡಿಮೆಯಾದರೂ ಗೋವಿಂದ.

ನಮ್ಮದು ಸಾಗರದ ಕಡೆ. ಅಡಿಕೆ ತೋಟ ಇದೆ. ತೋಟ ನೋಡಿದವರು ಸಾಹುಕಾರರು ಅಂದುಕೊಳ್ಳುತ್ತಾರೆ, ಖಾತೆ ನೋಡಿದರೆ ಮೂರು ಲಕ್ಷ ಇರಲ್ಲ. ಬಂದ ದುಡ್ಡು ಬಂದ ಹಾಗೇ ಕೂಲಿಗೆ, ಗೊಬ್ಬರಕ್ಕೆ, ಔಷಧಿಗೆ ಹೋಗುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಜುಕೇಶನ್ ಲೋನ್ ಕೇಳಿದರೆ ಮ್ಯಾನೇಜರ್, "ಕೃಷಿ ಜಮೀನು ಅಡ ಆಗಲ್ಲ, ಸೈಟೋ ಮನೆಯೋ ಇದ್ರೆ ತನ್ನಿ" ಅಂದರು.

ಆಗ ಅಡ್ಮಿಶನ್ ಮಾಡಿಸಿಕೊಟ್ಟ ಬೆಂಗಳೂರಿನ ಕನ್ಸಲ್ಟೆನ್ಸಿಯವನು ನಗುತ್ತಾ ಹೇಳಿದ. "ಅಯ್ಯೋ ಸರ್, ಇದಕ್ಕೆಲ್ಲ ತಲೆ ಕೆಡಿಸ್ಕೋತೀರಾ? ನಾವು ಫಂಡ್ ತೋರಿಸಿ ಕೊಡ್ತೀವಿ. ಎಲ್ಲರೂ ಹೀಗೇ ಮಾಡೋದು." ಎಲ್ಲರೂ ಹೀಗೇ ಮಾಡೋದು! ಈ ಒಂದು ಮಾತಿಗೆ ನಾನು ಬಿದ್ದೆ.

ವ್ಯವಹಾರ ಹೀಗೆ. ಅಪ್ಪನ ಹೆಸರಲ್ಲಿ ಹೊಸ ಖಾತೆ. ಅದಕ್ಕೆ ಅವರ ಕಡೆಯ ಫೈನಾನ್ಸರ್ 25,20,000 ಹಾಕುತ್ತಾನೆ. 28 ದಿನ ಆದಮೇಲೆ ವಾಪಸ್ ತೆಗೆದುಕೊಳ್ಳುತ್ತಾನೆ. ನಾವು ಎರಡೂವರೆ ಪರ್ಸೆಂಟ್ ಕೊಡಬೇಕು, 63,000. ಫೈಲ್ ಚಾರ್ಜ್ ಅಂತ ಇನ್ನೊಂದು 15,000. ಖಾತೆಗೆ ಮೊಬೈಲ್ ನಂಬರ್ ಅವರದ್ದು. ನೆಟ್ ಬ್ಯಾಂಕಿಂಗ್ ಅವರ ಕೈಯಲ್ಲಿ. ಚೆಕ್‌ಬುಕ್ ಅವರ ಹತ್ತಿರ, ಅದರಲ್ಲಿ ನಾಲ್ಕಕ್ಕೆ ಅಪ್ಪನ ಸೈನ್. "ಸೆಕ್ಯೂರಿಟಿಗೆ ಸರ್, ಅಷ್ಟು ದುಡ್ಡು ಹಾಕ್ತೀವಲ್ವಾ?" ಸರಿ ಅನಿಸಿತು. ಆಗ ಸರಿ ಅನಿಸಿತು!

ಅಪ್ಪ ಒಂದೇ ಹಠ ಹಿಡಿದರು, ಪಾಸ್‌ಬುಕ್ ನನಗೆ ಬೇಕು ಅಂತ. ನಾನೇ ಅವನ ಮುಂದೆ, "ಈಗೆಲ್ಲ ಪಾಸ್‌ಬುಕ್ ಯಾರಿಗೆ ಬೇಕಪ್ಪ, ಮೊಬೈಲಲ್ಲೇ ಎಲ್ಲ ಬರುತ್ತೆ" ಅಂದೆ. ಮೊಬೈಲ್ ಯಾರದ್ದು ಅಂತ ಆ ಕ್ಷಣದಲ್ಲಿ ಹೊಳೆಯಲಿಲ್ಲ ನೋಡಿ.

ಜೂನ್ 9ಕ್ಕೆ ದುಡ್ಡು ಬಂತು. ಸ್ಕ್ರೀನ್‌ಶಾಟ್ ಕಳಿಸಿದ. ಜುಲೈ 6ಕ್ಕೆ 28 ದಿನ. 7ರ ಸಂಜೆ ಬ್ಯಾಂಕಿನ ಲೋಗೋ ಇರುವ ಚಂದದ ಸ್ಟೇಟ್‌ಮೆಂಟ್ ಬಂತು. ಮೊದಲ ದಿನದಿಂದ ಕೊನೆಯ ದಿನದವರೆಗೆ 25,20,000, ಒಂದು ರೂಪಾಯಿ ಅಲ್ಲಾಡಿಲ್ಲ. 9ಕ್ಕೆ ಅರ್ಜಿ ಹಾಕೋದು ಅಂತ ತಂಗಿ ಎಲ್ಲ ತುಂಬಿಟ್ಟಿದ್ದಳು.

8ನೇ ತಾರೀಕು ಅಪ್ಪ ಅಡಿಕೆ ಸೊಸೈಟಿ ಕೆಲಸಕ್ಕೆ ಸಾಗರಕ್ಕೆ ಹೋದವರು, ಅದೇ ಬ್ಯಾಂಕಿನ ಅಲ್ಲಿಯ ಬ್ರಾಂಚಿನಲ್ಲಿ ಸುಮ್ನೆ ಎಂಟ್ರಿ ಹಾಕಿಸಿದ್ದಾರೆ. ಅಲ್ಲಿಂದಲೇ ಫೋನ್. "ಇದು ಎಂತದೋ ಮಾರಾಯ, ದುಡ್ಡು ಬರ್ತದೆ ಹೋಗ್ತದೆ, ಬರ್ತದೆ ಹೋಗ್ತದೆ."

ಫೋಟೋ ಕಳಿಸಿ ಅಂದೆ. ಕೌಂಟರಿನ ಮೇಲೆ ಪಾಸ್‌ಬುಕ್ ಇಟ್ಟು ಯಾರ ಕೈಲೋ ಫೋಟೋ ತೆಗೆಸಿದ್ದರು, ಒಂದು ಮೂಲೆಯಲ್ಲಿ ಅಪ್ಪನ ಹೆಬ್ಬೆರಳು. ಜೂನ್ 9 ಜಮಾ. ಜೂನ್ 18 ಪೂರ್ತಿ ಖರ್ಚು, ಬ್ಯಾಲೆನ್ಸ್ 5,312. ಜೂನ್ 30 ಮತ್ತೆ ಜಮಾ. ಜುಲೈ 2 ಮತ್ತೆ ಖಾಲಿ. ಜುಲೈ 5 ಮತ್ತೆ ಜಮಾ. ಎದುರಿಗೆ ನಾವು ಕೇಳಿರದ ಹೆಸರುಗಳು. ಒಂದೇ 25 ಲಕ್ಷ ಎಷ್ಟು ಜನ ಅಪ್ಪಂದಿರ ಖಾತೆಯಲ್ಲಿ ಓಡಾಡುತ್ತಿತ್ತೋ! ನನ್ನ ಹತ್ತಿರ ಇದ್ದ ಸ್ಟೇಟ್‌ಮೆಂಟ್ ಪೂರ್ತಿ ಕಂಪ್ಯೂಟರಿನಲ್ಲಿ ತಿದ್ದಿದ್ದು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಕೈ ತಣ್ಣಗಾಯಿತು. ಒಂಬತ್ತು ವರ್ಷದಿಂದ ಬೆಂಗಳೂರಲ್ಲಿದ್ದೇನೆ, ಅಪ್ಪನಿಗೆ ಫೋನ್‌ಪೇ ಕಲಿಸಿದವನು ನಾನು. ನಾನು!

ಅವನಿಗೆ ಫೋನ್ ಮಾಡಿದೆ.

"ಸರ್, ಅದು ಸಿಸ್ಟಮ್ ಇಶ್ಯೂ."

ಪಾಸ್‌ಬುಕ್ ಫೋಟೋ ಕಳಿಸಿದೆ. ಎರಡು ನೀಲಿ ಟಿಕ್ ಬಂತು. ಅರ್ಧ ಗಂಟೆ ಬಿಟ್ಟು, "ಸರ್, ಇಂಟರ್ನಲ್ ಅಡ್ಜಸ್ಟ್‌ಮೆಂಟ್. ಎಂಬಸಿಯವರು ಪಾಸ್‌ಬುಕ್ ಕೇಳಲ್ಲ, ಪಿಡಿಎಫ್ ಮಾತ್ರ ನೋಡೋದು. ಟೆನ್ಷನ್ ತಗೋಬೇಡಿ."

ಅವರು ಬ್ಯಾಂಕಿಗೇ ಕೇಳಿದರೆ? "ಎಲ್ಲ ಫೈಲೂ ಚೆಕ್ ಮಾಡಲ್ಲ ಸರ್."

ದುಡ್ಡು ವಾಪಸ್ ಕೊಡಿ ಅಂದೆ. "ಸರ್ವಿಸ್ ಕೊಟ್ಟಾಗಿದೆಯಲ್ವಾ ಸರ್?"

ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಅಂದೆ. ಆಗ ಬಂದ ಉತ್ತರ ಇವತ್ತಿಗೂ ಕಿವಿಯಲ್ಲಿದೆ. "ಕೊಡಿ ಸರ್. ಅಕೌಂಟ್ ನಿಮ್ಮ ತಂದೆಯವರದ್ದು, ಸೈನ್ ನಿಮ್ಮ ತಂದೆಯವರದ್ದು. ಇದರಲ್ಲಿ ನಮ್ಮ ಹೆಸರು ಎಲ್ಲಿದೆ ತೋರಿಸಿ?"

ದನಿ ಏರಿಸಲಿಲ್ಲ, ಸರ್ ಅನ್ನೋದೂ ಬಿಡಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂಲದಲ್ಲಿ ನಾವೂ ಇಲ್ಲದ ದುಡ್ಡನ್ನು ಇದೆ ಅಂತ ತೋರಿಸಲು ಹೊರಟವರೇ ಅಲ್ವಾ. ಕಂಪ್ಲೇಂಟ್ ಕೊಡಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಆ ಪಿಡಿಎಫ್ ಹಾಕಿ ಸಿಕ್ಕಿಬಿದ್ದಿದ್ದರೆ ಬರೀ ರಿಜೆಕ್ಟ್ ಅಲ್ಲ. ಮೋಸ ಮಾಡಿದ್ದಾರೆ ಅಂತ ಬರೆದರೆ 10 ವರ್ಷ ಬ್ರಿಟನ್ ಬಾಗಿಲು ಬಂದ್. ಬ್ಯಾನ್ ಆಗೋದು ತಂಗಿ, ಕನ್ಸಲ್ಟೆನ್ಸಿಯವನಲ್ಲ. ಅವನಿಗೆ ಯೂನಿವರ್ಸಿಟಿ ಕಮಿಷನ್ ಬೇರೆ ಮಕ್ಕಳಿಂದ ಬರುತ್ತದೆ.

ಮಾರನೇ ದಿನ ಅಪ್ಪನನ್ನು ಬೆಂಗಳೂರಿಗೆ ಕರೆಸಿ ನಾಲ್ಕೂ ಚೆಕ್ ಸ್ಟಾಪ್ ಮಾಡಿಸಿದೆವು. ಮೊಬೈಲ್ ನಂಬರ್ ಬದಲಿಸಲು ಹೋದರೆ ಕೌಂಟರಿನ ಹುಡುಗಿ, "ಅಂಕಲ್, ಇಷ್ಟು ದಿನ ಈ ನಂಬರ್ ಯಾರದ್ದು?" ಅಂದಳು. ಅಪ್ಪ ನನ್ನ ಮುಖ ನೋಡಿದರು. ಅಷ್ಟರಲ್ಲಿ 25 ಲಕ್ಷ ಮತ್ತೆ ಹೋಗಿಯಾಗಿತ್ತು, ಅದು ನಮಗೆ ಬೇಡವೂ ಇತ್ತು. ಖಾತೆ ಮುಚ್ಚಿಸಿ ಬಂದೆವು. ಅಪ್ಪನ ಪ್ಯಾನ್ ಮೇಲೆ ಆ ಎಂಟ್ರಿಗಳು ಹಾಗೇ ಇವೆ. ನಾಳೆ ಇನ್‌ಕಮ್ ಟ್ಯಾಕ್ಸ್‌ನವರು ಕೇಳಿದರೆ ಏನು ಹೇಳೋದು ಅಂತ ಅಪ್ಪ ಇವತ್ತಿಗೂ ಕೇಳುತ್ತಾರೆ.

ಸೆಪ್ಟೆಂಬರ್ ತಪ್ಪಿತು. ಸೀಟು ಜನವರಿಗೆ ಹೋಯಿತು. ಕೊನೆಗೆ ಸೋದರಮಾವ ತಮ್ಮ ಸೈಟಿನ ಪತ್ರ ಕೊಟ್ಟರು, ಲೋನ್ ಆಯಿತು. ಅಷ್ಟರಲ್ಲಿ ನವೆಂಬರಿನಿಂದ ತಿಂಗಳ ಲೆಕ್ಕ 1,171 ಪೌಂಡ್‌ಗೆ ಏರಿತ್ತು. ಇನ್ನೂ ಹೊಟ್ಟೆ ಉರಿಯುವ ವಿಷಯ ಕೇಳಿ. ಬ್ಯಾಂಕಿನ ಲೋನ್ ಪತ್ರಕ್ಕೆ 28 ದಿನದ ಕಾಟವೇ ಇಲ್ಲ. ಪತ್ರ 6 ತಿಂಗಳಿಗಿಂತ ಹಳೆಯದಾಗಿರಬಾರದು, ಅಷ್ಟೇ. ಆ ಮಹಾಶಯ ಇದನ್ನು ಒಂದು ಸಲವೂ ಬಾಯಿ ಬಿಡಲಿಲ್ಲ. ಹೇಳಿದ್ದರೆ 63,000 ಎಲ್ಲಿಂದ ಬರಬೇಕು?

ಸ್ವಂತ ದುಡ್ಡೇ ಇದ್ದರೆ ಲೆಕ್ಕಕ್ಕಿಂತ ಒಂದಿಷ್ಟು ಜಾಸ್ತಿ ಇಡಿ, ಅರ್ಜಿ ಹಾಕುವ ದಿನದ ಪೌಂಡ್ ರೇಟೇ ಅವರು ನೋಡೋದು. 28ನೇ ದಿನ ಆದಮೇಲೆ 31 ದಿನದೊಳಗೆ ಅರ್ಜಿ ಹೋಗಿರಬೇಕು. ಅಪ್ಪನ ಖಾತೆಯಾದರೆ ಬರ್ತ್ ಸರ್ಟಿಫಿಕೇಟ್ ಮತ್ತು ಅವರ ಒಪ್ಪಿಗೆ ಪತ್ರ ಬೇಕು. ನಿಮ್ಮ ಖಾತೆಗೆ ಬೇರೆಯವನ ಮೊಬೈಲ್ ನಂಬರ್ ಕೊಡಬೇಡಿ. ಕೊಡಲೇಬೇಡಿ.

ಮೊನ್ನೆ ಅದೇ ನಂಬರಿನಿಂದ ನನಗೆ ವಾಟ್ಸಾಪ್ ಬಂತು. ಎಲ್ಲರಿಗೂ ಕಳಿಸೋ ಮೆಸೇಜ್ ಇರಬೇಕು, ಹೆಸರು ಕೂಡ ಹಾಕಿಲ್ಲ. "ಸೆಪ್ಟೆಂಬರ್ ಇನ್‌ಟೇಕ್ ಓಪನ್ ಸರ್. ಫಂಡ್ ಅರೇಂಜ್‌ಮೆಂಟ್ ಲಭ್ಯ. ನಿಮ್ಮ ಕಡೆಯವರು ಯಾರಾದ್ರೂ ಇದ್ರೆ ಕಳಿಸಿ, ರೆಫರಲ್‌ಗೆ 10,000."