ಹಸಿರು ದೀಪ ಉರಿಯಿತೆಂದು ಸಹಿ ಹಾಕಬೇಡಿ: ಇವಿ ಚಾರ್ಜರ್ ಹಾಕಿಸುವವರು ಓದಿ

ಪುಣೆ, ಪಿಂಪ್ರಿ-ಚಿಂಚ್‌ವಡ ಕಡೆ ಸೊಸೈಟಿ ಪಾರ್ಕಿಂಗಿನಲ್ಲಿ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಹಾಕಿಸುತ್ತಿರುವ ನಮ್ಮವರು ದಯವಿಟ್ಟು ಪೂರ್ತಿ ಓದಿ. ಷೋರೂಮಿನವರು ಕಳಿಸಿದ ಗುತ್ತಿಗೆದಾರ ವಾಕಡ್‌ನ ನಮ್ಮ ಬೇಸ್‌ಮೆಂಟಿನಲ್ಲಿ ಮಾಡಿಟ್ಟು ಹೋದ ಕೆಲಸ ಇದು. ಹೆಸರು ಬರೆಯುವುದಿಲ್ಲ.

7.2 ಕಿಲೋವ್ಯಾಟ್ ಚಾರ್ಜರ್. ಅಂದರೆ ಸುಮಾರು 31 ಆಂಪಿಯರ್. ಗೀಸರಿನ ಹಾಗೆ ಹತ್ತು ನಿಮಿಷವಲ್ಲ, ಐದಾರು ಗಂಟೆ ಒಂದೇ ಸಮ. ಮೀಟರ್ ರೂಮಿನಿಂದ 40 ಮೀಟರ್ ದೂರ. ಕೊಟೇಶನ್‌ನಲ್ಲಿ 10 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಂದು ಬರೆದು ಮೀಟರ್ ಲೆಕ್ಕದಲ್ಲಿ ದುಡ್ಡು ತೆಗೆದುಕೊಂಡರು. ಪೈಪಿನೊಳಗೆ ಎಳೆದದ್ದು 4 ಸ್ಕ್ವೇರ್ ಎಂಎಂ! ಅಷ್ಟು ದೂರಕ್ಕೆ 4ರ ವೈರಿನಲ್ಲಿ 11 ವೋಲ್ಟ್ ಬೀಳುತ್ತದೆ, ಸುಮಾರು 350 ವ್ಯಾಟ್ ಪೈಪಿನೊಳಗೇ ಶಾಖವಾಗುತ್ತದೆ. 10ರಲ್ಲಿ 140 ವ್ಯಾಟ್ ಅಷ್ಟೇ. ವೈರಿನ ಮೈಮೇಲೆಯೇ ಅಳತೆ ಅಚ್ಚಾಗಿರುತ್ತದೆ, ಎಳೆಯುವಾಗ ನಿಂತು ಓದಿದ್ದರೆ ಸಾಕಿತ್ತು. ಓದಲಿಲ್ಲ.

ಇದಕ್ಕಿಂತ ದೊಡ್ಡ ಮೋಸ ಬೇರೆ. ಮೊದಲ ಸಲ ಆನ್ ಮಾಡಿದಾಗ ಕೆಂಪು ದೀಪ ಬಂತು. ಅರ್ಥಿಂಗ್ ಇಲ್ಲ ಎಂದು ಚಾರ್ಜರೇ ಹೇಳುತ್ತಿತ್ತು. ವೈರ್‌ಮನ್ "ಪಾಚ್ ಮಿನಿಟ್ ಸಾಹೇಬ್" ಎಂದು ಡಬ್ಬಿಯ ಮುಂದೆ ಬೆನ್ನು ತಿರುಗಿಸಿ ನಿಂತ. ಹಸಿರು ದೀಪ ಬಂತು. ಎಲ್ಲ ಸರಿಯಾಯಿತೆಂದು ಸಹಿ ಹಾಕಿ ಕೊಟ್ಟದ್ದಾಯಿತು. ವೈರಿಂಗ್ ಕೆಲಸ ಬಲ್ಲವನಾಗಿ ಮುಚ್ಚಳ ತೆಗೆಸದೆ ಸಹಿ ಹಾಕಿದೆನಲ್ಲ, ಆ ನಾಚಿಕೆ ಇನ್ನೂ ಹೋಗಿಲ್ಲ.

ಮೂರು ವಾರಕ್ಕೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಮುಚ್ಚಳ ತೆಗೆದರೆ, ಅರ್ಥ್ ವೈರ್ ಎಳೆದೇ ಇಲ್ಲ. ನ್ಯೂಟ್ರಲ್‌ನಿಂದ (ಕರೆಂಟು ವಾಪಸ್ ಹೋಗುವ ವೈರ್) ಅರ್ಥ್ ಟರ್ಮಿನಲ್‌ಗೆ ಬೆರಳುದ್ದದ ಹಸಿರು ವೈರಿನ ತುಂಡು ಜೋಡಿಸಿದ್ದಾನೆ. ಐದು ನಿಮಿಷದಲ್ಲಿ ಮಾಡಿದ್ದು ಇದು! ಚಾರ್ಜರಿನ ಕಣ್ಣಿಗೆ ಮಣ್ಣೆರಚಿದ್ದು. ಹೀಗೆ ಮಾಡಿದರೆ ಫೇಸ್ (ಕರೆಂಟು ತರುವ ವೈರ್) ಕಾರಿನ ಲೋಹದ ಮೈಗೆ ತಗಲಿದರೂ ಆ ಕರೆಂಟು ನ್ಯೂಟ್ರಲ್‌ನಲ್ಲೇ ವಾಪಸ್ ಹೋಗುತ್ತದೆ, ಆರ್‌ಸಿಸಿಬಿಗೆ (ಕರೆಂಟು ಸೋರಿದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್) ಸೋರಿಕೆ ಗೊತ್ತೇ ಆಗುವುದಿಲ್ಲ. ಹಿಂದೆಲ್ಲೋ ನ್ಯೂಟ್ರಲ್ ಕಡಿದರೆ ಕಾರಿನ ಮೈಗೇ ಕರೆಂಟು. ಆಗ ಆರ್‌ಸಿಸಿಬಿ ಬಿದ್ದರೂ ಯಾರದೋ ಮೈಯಿಂದ ಕರೆಂಟು ಹರಿದ ಮೇಲೆಯೇ. ಮಕ್ಕಳು ಸೈಕಲ್ ಓಡಿಸುವ ಜಾಗ ಅದು.

ವಾಸನೆ ಬಂದದ್ದು ಎಂಸಿಬಿಯ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಸಡಿಲ ಸ್ಕ್ರೂನಿಂದ. ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಲಗ್ ಹಾಕಿಲ್ಲ, ಎಳೆಗಳನ್ನು ಹೊಸೆದು ತುರುಕಿದ್ದಾನೆ. ಸಡಿಲ ಜೋಡಣೆಯಲ್ಲಿ 0.1 ಓಮ್ ಇದ್ದರೂ 31 ಆಂಪಿಯರ್‌ಗೆ 96 ವ್ಯಾಟ್. ಹಳೆಯ ನೂರರ ಬಲ್ಬಿನಷ್ಟು ಶಾಖ ಉಗುರಿನಷ್ಟು ಜಾಗದಲ್ಲಿ. ಎಂಸಿಬಿ ಯಾಕೆ ಬೀಳಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಕರೆಂಟು ಹೆಚ್ಚಾಗಿಲ್ಲವಲ್ಲ, 31 ಇದ್ದದ್ದು 31 ಆಗಿಯೇ ಇದೆ. ಅದು ಬೀಳುವುದಿಲ್ಲ, ಸುಡುತ್ತದೆ.

ಫೋನ್ ಮಾಡಿದರೆ ಉತ್ತರ: "ಗಾಡಿ ಚಾರ್ಜ್ ಹೋತೇ ನಾ? ಮಗ ಪ್ರಾಬ್ಲೆಮ್ ಕಾಯ್?" ಗಾಡಿ ಚಾರ್ಜ್ ಆಗುತ್ತಿದೆಯಲ್ಲ, ಮತ್ತೇನು ಸಮಸ್ಯೆ ಎಂದು. ಹಸಿರು ತುಂಡಿನ ಫೋಟೊ ಕಳಿಸಿದರೆ "ಸಗಳೀಕಡೇ ಅಸಂಚ್ ಕರತೋ". ಎಲ್ಲ ಕಡೆ ಹೀಗೇ ಮಾಡುತ್ತೇವೆ ಎಂದು ಒಪ್ಪಿಕೊಂಡೇಬಿಟ್ಟ! ಷೋರೂಮಿನವರದು ಇನ್ನೊಂದು: ಡಬ್ಬಿ ನೀವೇ ತೆಗೆದಿದ್ದೀರಿ, ಇನ್ನು ವಾರಂಟಿ ಇಲ್ಲ. ಸಹಿ ಮಾಡಿದ ಕಾಗದ ನಮ್ಮ ಮುಂದೆಯೇ ಹಿಡಿದರು.

ಬೆಂಕಿ ಎಂದರೆ ಜನ ಬ್ಯಾಟರಿ ಎನ್ನುತ್ತಾರೆ. ಸಾಕೆಟ್, ಎಂಸಿಬಿ, ವೈರ್ ಸುಡಲು ಬ್ಯಾಟರಿ ಕೆಡಬೇಕಾಗಿಲ್ಲ. ಆದರೆ ಬೆಂಕಿ ಬ್ಯಾಟರಿಗೆ ತಲುಪಿದರೆ ಪೌಡರ್ ಸಿಲಿಂಡರಿಗೆ ಆರುವುದಿಲ್ಲ, ತಣಿಸಲು ನೀರೇ ಬೇಕು, ಆರಿದ್ದೂ ಮತ್ತೆ ಹೊತ್ತಿಕೊಳ್ಳಬಹುದು. 2024ರ ಆಗಸ್ಟಿನಲ್ಲಿ ಕೊರಿಯಾದ ಇಂಚಿಯಾನ್‌ನ ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ಒಂದು ಕಾರು ಹೊತ್ತಿ ನೂರಕ್ಕೂ ಹೆಚ್ಚು ವಾಹನ ಹಾಳಾದವು. ಅದು ಚಾರ್ಜಿಗೂ ಹಾಕದೆ ಸುಮ್ಮನೆ ನಿಂತಿದ್ದ ಕಾರು. ಬೇಸ್‌ಮೆಂಟ್ ಎಂದರೆ ಏನೆಂದು ಯೋಚಿಸಿ.

ಹಾಕಿಸುವವರು ಇಷ್ಟು ಮಾಡಿ. ಇಷ್ಟು ದೂರಕ್ಕೆ 10 ಸ್ಕ್ವೇರ್ ಎಂಎಂ, ಹತ್ತಿರವಿದ್ದರೂ 6ಕ್ಕಿಂತ ಕಡಿಮೆ ಬೇಡ. 40 ಆಂಪಿಯರ್ ಎಂಸಿಬಿ, ಈ ಚಾರ್ಜರಿಗೆಂದೇ ಬೇರೆ ಲೈನು. 30 ಮಿಲಿಆಂಪಿಯರ್ ಆರ್‌ಸಿಸಿಬಿ ಎ ಟೈಪ್ ಇರಲಿ, ಚಾರ್ಜರಿನೊಳಗೆ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಹಿಡಿಯುವ ಸೌಲಭ್ಯ ಇಲ್ಲದಿದ್ದರೆ ಬಿ ಟೈಪ್. ನಮಗೆ ಹಾಕಿದ್ದು ಅಗ್ಗದ ಎಸಿ ಟೈಪ್, ಡಿಸಿ ಸೋರಿಕೆ ಬಂದರೆ ಅದು ಕುರುಡು. ಕಾರು ಚಾರ್ಜ್ ಆಗುತ್ತಿರುವಾಗಲೇ ನ್ಯೂಟ್ರಲ್-ಅರ್ಥ್ ನಡುವೆ ಮೀಟರ್ ಹಿಡಿಸಿ. ದೂರದ ಲೈನಿನಲ್ಲಿ ಒಂದೆರಡು ವೋಲ್ಟ್ ಏರಲೇಬೇಕು. ಸೊನ್ನೆಯಲ್ಲೇ ನಿಂತರೆ ಆ ತುಂಡು ಒಳಗಿದೆ ಎಂದೇ ಅನುಮಾನಿಸಿ. ಒಂದು ಗಂಟೆ ಚಾರ್ಜ್ ಆದ ಮೇಲೆ ಮೇನ್ ಆಫ್ ಮಾಡಿಸಿ ಸ್ಕ್ರೂಗಳನ್ನು ಮತ್ತೆ ಬಿಗಿಸಿ. ಸಹಿ ಆಮೇಲೆ. ದುಡ್ಡೂ ಆಮೇಲೆ.

ಅದೇ ಗುತ್ತಿಗೆದಾರ ನಮ್ಮ ಬಿ ವಿಂಗಿನಲ್ಲೂ ಎರಡು ಚಾರ್ಜರ್ ಹಾಕಿದ್ದಾನೆ. ಆ ಮನೆಯವರು ಇವತ್ತು ರಾತ್ರಿ ಕಾರು ಚಾರ್ಜಿಗೆ ಹಾಕಬೇಡಿ, ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಡಬ್ಬಿ ತೆಗೆಸಿ ನೋಡಿಸಿ.